ಹಬ್ಬದ ಹಳೆಯ ಅಲಂಕಾರ ವಸ್ತುಗಳಿಗೆ ಮನೆಯಲ್ಲಿಯೇ ತರಿಲೇಪ

ಒಕ್ಕಲುತನದ ಮನೆಗಳಲ್ಲಿ ವರ್ಷದ ಹಬ್ಬಗಳು ಬೆಳೆಯ ಕಾಲವನ್ನನುಸರಿಸಿಯೇ ಬರುವುವು. ಮುಂಗಾರಿನ ಆರಂಭದಲ್ಲಿ ಕಾರಹುಣ್ಣಿಮೆ; ಅದಾದ ಹದಿನೈದು ದಿನಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ; ಪೈರು ಮೇಲೆದ್ದ ಕಾಲದಲ್ಲಿ ನಾಗರ ಪಂಚಮಿ ಮತ್ತು ಗಣೇಶ ಚತುರ್ಥಿ; ಹಿಂಗಾರಿ ಜೋಳವು ಹೊಲದಲ್ಲಿ ನಿಂತಿರುವಾಗ ಎಳ್ಳಮಾವಾಸ್ಯೆ. ಒಂದೊಂದು ಹಬ್ಬಕ್ಕೂ ಮನೆಯ ಅಟ್ಟದಿಂದ ಇಳಿಯುವ ಕೆಲವು ವಸ್ತುಗಳಿರುವುವು. ಮರದ ಅಥವಾ ಮಣ್ಣಿನ ಎತ್ತುಗಳು, ಗಣಪತಿಯನ್ನು ಕೂರಿಸುವ ಮಂಟಪ, ಬಣ್ಣ ಬಳಿದ ಗಡಿಗೆಗಳು, ಚರಗದ ಬುಟ್ಟಿ, ದೀಪಾವಳಿಯ ಆಕಾಶಬುಟ್ಟಿ, ಗೊಂಬೆಗಳು ಮೊದಲಾದುವು ಇಂಥವು. ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಕಟ್ಟುವ ಗೋದಲಿಯ ಗೊಂಬೆಗಳೂ ಇದೇ ಗುಂಪಿಗೆ ಸೇರತಕ್ಕವು.

ಇವೆಲ್ಲವೂ ಕೆಲವು ವರ್ಷಗಳಲ್ಲಿ ಮಾಸುವುವು. ಎತ್ತಿನ ಕೊಂಬಿನ ತುದಿ ಮುಕ್ಕಾಗುವುದು, ಮಂಟಪದ ಬಣ್ಣ ಚಕ್ಕೆಯೇಳುವುದು, ಬುಟ್ಟಿಯ ಸಂದುಗಳು ಬಿಡುವುವು. ಆಗ ಮನೆಯವರು ಮಾಡುವುದು ಎರಡರಲ್ಲೊಂದು. ಹಳೆಯದನ್ನು ಎಸೆದು ಪೇಟೆಯಿಂದ ಹೊಸದನ್ನು ತರುವರು. ಇಲ್ಲವೆ ಹಳೆಯ ಬಣ್ಣವನ್ನು ಉಜ್ಜುಕಾಗದದಿಂದ ಕೆರೆದು ಅದರ ಮೇಲೆ ಅಂಗಡಿಯ ಎಣ್ಣೆಬಣ್ಣವನ್ನು ಬಳಿಯುವರು. ಮೊದಲನೆಯದರಲ್ಲಿ ಹಣ ವ್ಯಯವಾಗುವುದು. ಎರಡನೆಯದರಲ್ಲಿ ಹಣಕ್ಕಿಂತ ದೊಡ್ಡ ಹಾನಿಯು ಅಡಗಿರುವ ಸಂಭವವುಂಟು.

ಇವೆರಡನ್ನೂ ಬಿಟ್ಟು ಮೂರನೆಯ ಕ್ರಮವೊಂದಿದೆ. ಹೊಲದ ಮಣ್ಣು, ಕಣದ ಹೊಟ್ಟು, ಬಾಳೆಯ ನಾರು, ಹುಣಿಸೆಬೀಜದ ಅಂಟು, ಹಳೆಯ ಕಾಗದ, ಸುಣ್ಣ ಇವುಗಳಿಂದ ತರಿತರಿಯಾದ ಲೇಪವನ್ನು ಸಿದ್ಧಪಡಿಸಿ, ಹಳೆಯ ವಸ್ತುವಿನ ಮೇಲೆ ಕೊಟ್ಟು, ಅದಕ್ಕೆ ಕಲ್ಲಿನಂತೆಯೋ ನೇಯ್ಗೆಯಂತೆಯೋ ಉಬ್ಬುತಗ್ಗಿನ ಹೊಸ ಮೈಯನ್ನು ತರುವುದೇ ಆ ಕ್ರಮವು. ಇದರ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಹಳೆಯ ಬಣ್ಣವನ್ನು ಕೆರೆಯಬಾರದು, ಮುಚ್ಚಬೇಕು. ಹಾಗೇಕೆಂಬುದನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ.

ಹಳೆಯ ಬಣ್ಣದಲ್ಲಿರುವ ಅಪಾಯ

ಹೊಳಪಿನ ಎಣ್ಣೆಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳನ್ನು ಬೆರೆಸುವ ವಾಡಿಕೆಯು ಬಹುಕಾಲ ಇದ್ದಿತು. ಭಾರತ ಸರ್ಕಾರವು ೨೦೧೬ನೆಯ ಇಸವಿಯಲ್ಲಿ ನಿಯಮಗಳನ್ನು ಹೊರಡಿಸಿ, ಗೃಹೋಪಯೋಗಿ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶವು ಹತ್ತು ಲಕ್ಷ ಭಾಗಗಳಿಗೆ ೯೦ ಭಾಗಗಳನ್ನು ಮೀರಕೂಡದೆಂದು ಗೊತ್ತುಪಡಿಸಿತು. ಈ ಮಿತಿಯು ೨೦೧೭ರ ನವೆಂಬರ್ ೧ರಿಂದ ಜಾರಿಗೆ ಬಂದಿತು. ಆದಕಾರಣ ಅದಕ್ಕೂ ಮೊದಲು ಬಣ್ಣ ಬಳಿದ ಮಂಟಪ, ಗೊಂಬೆ, ತೊಟ್ಟಿಲುಗಳಲ್ಲಿ ಸೀಸವಿರಬಹುದೆಂದೇ ಎಣಿಸಿ ನಡೆಯುವುದು ಜಾಣತನ. ಕಣ್ಣಿನಿಂದ ನೋಡಿ ಇದನ್ನು ಗುರುತಿಸಲು ಸಾಧ್ಯವಿಲ್ಲ.

ಬಣ್ಣವು ಗಟ್ಟಿಯಾಗಿ ಅಂಟಿಕೊಂಡಿರುವವರೆಗೆ ಹಾನಿಯು ಅಲ್ಪ. ಅದನ್ನು ಒಣಗಿದ್ದಂತೆಯೇ ಉಜ್ಜಿದಾಗ ಏಳುವ ನವಿರಾದ ಧೂಳು ನೆಲದ ಮೇಲೂ ಬಟ್ಟೆಯ ಮೇಲೂ ಕೂತು, ನೆಲದಲ್ಲಿ ಹರಿದಾಡುವ ಕೂಸಿನ ಕೈಗೆ ಹತ್ತಿ ಬಾಯಿಗೆ ಹೋಗುವುದು. ಸೀಸವು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುವುದು. ಗರ್ಭಿಣಿಯರ ಮೂಲಕ ಹೊಟ್ಟೆಯಲ್ಲಿರುವ ಶಿಶುವಿಗೂ ತಗಲುವುದು. ಇಷ್ಟು ಪ್ರಮಾಣದವರೆಗೆ ಸೀಸವು ನಿರಪಾಯವೆಂದು ಹೇಳಬಹುದಾದ ಯಾವ ಮಿತಿಯೂ ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ.

ಒಕ್ಕಲಿಗನ ಮನೆಯಲ್ಲಿ ಈ ಅಪಾಯವು ಕೂಸಿನಲ್ಲಿಗೇ ನಿಲ್ಲುವುದಿಲ್ಲ. ದನಗಳಿಗೆ, ಅದರಲ್ಲಿಯೂ ಕರುಗಳಿಗೆ, ಕಂಡದ್ದನ್ನೆಲ್ಲ ನೆಕ್ಕಿ ನೋಡುವ ಸ್ವಭಾವವುಂಟು. ಕೊಟ್ಟಿಗೆಯ ಮೂಲೆಯಲ್ಲಿ ಕೂತು ಹಳೆಯ ಮಂಟಪವನ್ನು ಕೆರೆದು, ಚಕ್ಕೆಗಳನ್ನು ಅಲ್ಲಿಯೇ ಗುಡಿಸಿಬಿಟ್ಟರೆ ಅವು ಗೋದಲಿಯನ್ನು ಸೇರುವುದಕ್ಕೆ ತಡವಾಗದು. ಸೀಸದ ವಿಷವೇರಿದ ಕರುವು ಮೇವು ಬಿಡುವುದು, ಹಲ್ಲು ಕಡಿಯುವುದು, ಕಣ್ಣು ಕಾಣದೆ ಗೋಡೆಗೆ ಹಾಯುವುದು, ಸೆಳೆತ ಬಂದು ಬೀಳುವುದು. ಅನೇಕ ವೇಳೆ ಚಿಕಿತ್ಸೆಗೆ ಅವಕಾಶವಿಲ್ಲದೆ ಸಾಯುವುದು. ಇಂಥ ಚಿಹ್ನೆಗಳು ಕಂಡ ಕೂಡಲೆ ಪಶುವೈದ್ಯರನ್ನು ಕರೆಯಿಸಿ, ಬಣ್ಣ ಕೆರೆದ ಸಂಗತಿಯನ್ನು ಮರೆಯದೆ ತಿಳಿಸತಕ್ಕದ್ದು.

ಆದುದರಿಂದ ಹಳೆಯ ಬಣ್ಣದ ವಸ್ತುವನ್ನು ಹೀಗೆ ಸಿದ್ಧಪಡಿಸಬೇಕು. ಮಕ್ಕಳೂ ದನಗಳೂ ಬಾರದ ಕಡೆ ನೆಲಕ್ಕೆ ಹಳೆಯ ಕಾಗದವನ್ನು ಹಾಸಿ, ವಸ್ತುವನ್ನು ಅದರ ಮೇಲಿಟ್ಟು, ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಎದ್ದು ನಿಂತ ಚಕ್ಕೆಗಳನ್ನು ಒದ್ದೆಯಾಗಿರುವಾಗಲೇ ಬಟ್ಟೆಯಿಂದ ಹಿಡಿದು ತೆಗೆಯಬೇಕು. ಉಳಿದುದನ್ನು ಮುಟ್ಟಬಾರದು. ಬಟ್ಟೆ, ಕಾಗದ, ಚಕ್ಕೆಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟು ಪೌರಸಂಸ್ಥೆಯ ಅಪಾಯಕಾರಿ ಕಸದೊಡನೆ ಕೊಡಬೇಕು. ಅವನ್ನು ಸುಡುವುದೂ ತಿಪ್ಪೆಗೆ ಹಾಕುವುದೂ ಸಲ್ಲದು. ತಿಪ್ಪೆಗೆ ಹಾಕಿದುದು ಗೊಬ್ಬರದೊಡನೆ ಹೊಲಕ್ಕೆ ಹೋಗುವುದು. ಕೆಲಸ ಮಾಡುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿ, ಮುಗಿದ ಮೇಲೆ ಕೈಗಳನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಮೈಯೆಲ್ಲ ಚಕ್ಕೆಯೆದ್ದು ಉದುರುತ್ತಿರುವ ವಸ್ತುವಾದರೆ ಅದನ್ನು ಹೊಸದು ಮಾಡುವ ಯೋಚನೆಯನ್ನೇ ಬಿಡುವುದು ಲೇಸು.

ಸಾಮಗ್ರಿಗಳು ಎಲ್ಲಿ ದೊರೆಯುವುವು

ಈ ಲೇಪಗಳಿಗೆ ಬೇಕಾದ ಸಾಮಗ್ರಿಗಳು ಕಲಬುರಗಿ ನಗರದಲ್ಲಿಯೂ ಕಮಲಾಪುರದ ಸುತ್ತಿನಲ್ಲಿಯೂ ಹಂಚಿಹೋಗಿರುವುವು. ನಗರದಲ್ಲಿ ಬೇಳೆಯ ಗಿರಣಿಗಳ ತೊಗರಿ ಹೊಟ್ಟು, ಮರದ ಅಡ್ಡೆಗಳ ಗರಗಸದ ಹೊಟ್ಟು, ಹಳೆಯ ಕಾಗದ, ಹರಿದ ಗೋಣಿಚೀಲಗಳು ಬೇಕಾದಷ್ಟು ಸಿಕ್ಕುವುವು. ತೊಗರಿ ಹೊಟ್ಟು ದನಗಳಿಗೆ ಉತ್ತಮವಾದ ಮೇವು. ಆದುದರಿಂದ ಗಿರಣಿಯ ನೆಲದಿಂದ ಗುಡಿಸಿದ, ಮೇವಿಗೆ ಬಾರದ ಹೊಟ್ಟನ್ನು ಮಾತ್ರ ಈ ಕೆಲಸಕ್ಕೆ ತರುವುದು ನ್ಯಾಯ. ಸುಣ್ಣಕ್ಕೂ ಕೊರತೆಯಿಲ್ಲ. ಶಹಾಬಾದ, ಚಿತ್ತಾಪುರ, ಸೇಡಂ ಸೀಮೆಗಳು ಸುಣ್ಣಕಲ್ಲಿನ ಹಾಸಿನ ಮೇಲೆಯೇ ಇರುವುವು.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿರುವ ಕಮಲಾಪುರವು ತನ್ನ ಕೆಂಪು ಬಾಳೆಗೆ ಹೆಸರಾಗಿದ್ದು, ಆ ಹಣ್ಣು ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದಿದೆ. ಬಾಳೆಯು ಒಮ್ಮೆ ಗೊನೆ ಕೊಟ್ಟ ಮೇಲೆ ಅದರ ದಿಂಡು ಮತ್ತೆ ಗೊನೆ ಬಿಡಲಾರದು, ಕಡಿದು ಹಾಕಲೇಬೇಕು. ಹೀಗೆ ಕಡಿದ ದಿಂಡಿನ ಹೊರ ಪಟ್ಟೆಗಳಲ್ಲಿ ಗಟ್ಟಿಯಾದ ಉದ್ದ ನಾರಿರುವುದು. ಪಟ್ಟೆಯನ್ನು ಎರಡು ಬೆರಳಗಲಕ್ಕೆ ಸೀಳಿ, ಹಲಗೆಯ ಮೇಲೆ ಚಾಚಿ, ಮೊಂಡು ಕತ್ತಿಯ ಬೆನ್ನಿನಿಂದ ಒತ್ತಿ ಎಳೆದರೆ ತಿರುಳೂ ನೀರೂ ಬಿಟ್ಟು ನಾರು ಉಳಿಯುವುದು. ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಾಳೆಯ ರಸದ ಕಲೆಯು ಬಟ್ಟೆಯಿಂದ ಹೋಗುವುದಿಲ್ಲವಾದ ಕಾರಣ ಹಳೆಯ ಉಡುಪನ್ನು ತೊಟ್ಟು ಈ ಕೆಲಸ ಮಾಡುವುದೊಳ್ಳೆಯದು. ನಗರದಲ್ಲಿರುವವರು ಊರಿನ ಬಂಧುಗಳಿಂದ ಒಂದು ಹಿಡಿ ನಾರನ್ನು ತರಿಸಿಕೊಂಡರೆ ಇಡೀ ಮನೆಯ ಅಲಂಕಾರಕ್ಕೆ ಸಾಕಾಗುವುದು.

ಮಣ್ಣಿನ ವಿಷಯದಲ್ಲಿ ಮಾತ್ರ ವಿವೇಚನೆ ಬೇಕು. ಕಲಬುರಗಿಯ ಎರೆಮಣ್ಣು ಜೋಳಕ್ಕೂ ತೊಗರಿಗೂ ತಾಯಿ. ಲೇಪಕ್ಕೆ ಅದು ಹಾಗೆಯೇ ಹೊಂದದು. ಎರೆಯಲ್ಲಿರುವ ಜೇಡಿಯು ನೀರು ಕುಡಿದಾಗ ಉಬ್ಬುವುದು, ಆರಿದಾಗ ಕುಗ್ಗುವುದು. ಬೇಸಿಗೆಯಲ್ಲಿ ಎರೆಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವುದು ಇದೇ ಕಾರಣದಿಂದ. ಹೊಲದಲ್ಲಿ ನಡೆಯುವುದೇ ಗೊಂಬೆಯ ಮೈಮೇಲೂ ನಡೆಯುವುದು. ಕೆಂಪು ಮಸಾರಿ ಮಣ್ಣು ಅಥವಾ ಬೀದರದ ಕಡೆಯ ಜಂಬಿಟ್ಟಿಗೆಯ ಮಣ್ಣು ಸಿಕ್ಕಿದರೆ ಅದೇ ಉತ್ತಮ. ಎರೆಮಣ್ಣನ್ನೇ ಬಳಸಬೇಕಾದಲ್ಲಿ ೧ ಪಾಲು ಮಣ್ಣಿಗೆ ೩ ಪಾಲು ನವಿರಾದ ಮರಳನ್ನು ಸೇರಿಸಬೇಕು.

ಮಣ್ಣನ್ನು ಪರೀಕ್ಷಿಸುವ ಕ್ರಮವು ಸುಲಭವಾದುದು. ಕಲಸಿದ ಮಣ್ಣಿನಿಂದ ೨೦ ಸೆಂಟಿಮೀಟರು ಉದ್ದ, ೨ ಸೆಂಟಿಮೀಟರು ಅಗಲದ ಪಟ್ಟಿಯೊಂದನ್ನು ಹಲಗೆಯ ಮೇಲೆ ತಟ್ಟಿ ನೆರಳಿನಲ್ಲಿ ಪೂರ್ಣವಾಗಿ ಒಣಗಿಸಬೇಕು. ಪಟ್ಟಿಯು ಅರ್ಧ ಸೆಂಟಿಮೀಟರಿಗಿಂತ ಹೆಚ್ಚಾಗಿ ಕುಗ್ಗಿದರೆ ಮರಳು ಸಾಲದು. ಬೆರಳಿನಿಂದ ತಿಕ್ಕಿದಾಗ ಪುಡಿಯಾಗಿ ಉದುರಿದರೆ ಮರಳು ಹೆಚ್ಚಾಯಿತು.

ಅಂಟುಗಳಲ್ಲಿ ಹುಣಿಸೆಬೀಜದ್ದು ಶ್ರೇಷ್ಠ. ಬೀಜವನ್ನು ಹುರಿದು, ಕುಟ್ಟಿ, ಕೆಂಪು ಸಿಪ್ಪೆಯನ್ನು ಕೇರಿ ತೆಗೆದು, ಬಿಳಿಯ ಬೇಳೆಯನ್ನು ಹಿಟ್ಟು ಮಾಡಬೇಕು. ೧೦೦ ಗ್ರಾಂ ಹಿಟ್ಟನ್ನು ೧ ಲೀಟರು ನೀರಿನಲ್ಲಿ ಗಂಟಾಗದಂತೆ ಕದಡಿ, ಗಟ್ಟಿ ಅಂಬಲಿಯ ಹದಕ್ಕೆ ಬರುವವರೆಗೆ ಕಾಯಿಸಬೇಕು. ಇದು ಎರಡು ಮೂರು ದಿನಗಳಿಗೆ ಹುಳಿಯುವುದರಿಂದ ಬೇಕಾದಷ್ಟನ್ನು ಮಾತ್ರ ಆಗಾಗ ಮಾಡಿಕೊಳ್ಳತಕ್ಕದ್ದು. ಜಾಲಿಯ ಗೋಂದು ಮತ್ತು ನೆನೆಸಿ ರುಬ್ಬಿದ ಮೆಂತ್ಯವೂ ಉಪಯುಕ್ತವಾದ ಅಂಟುಗಳೇ.

ಕಿನ್ನಾಳದ ಕುಶಲಿಗಳ ಪದ್ಧತಿ

ತರಿಲೇಪವು ಹೊಸತಾಗಿ ಹುಟ್ಟಿದ ವಿದ್ಯೆಯಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಿಂದ ಗೊಂಬೆಗಳನ್ನೂ ದೇವತಾಮೂರ್ತಿಗಳನ್ನೂ ಮಾಡುವುದರಲ್ಲಿ ಪ್ರಸಿದ್ಧರು. ಅವರ ಕಸುಬಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅವರು ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಗರಗಸದ ಹೊಟ್ಟು ಮತ್ತು ಹುಣಿಸೆಬೀಜದ ಅಂಟಿನೊಡನೆ ಕಲಸಿ ಕಿಟ್ಟವೆಂಬ ಮುದ್ದೆಯನ್ನು ಸಿದ್ಧಪಡಿಸುವರು. ಗೊಂಬೆಯ ಮೈ ತುಂಬುವುದು ಇದರಿಂದ. ಮೂರ್ತಿಯ ಮೇಲಿನ ಒಡವೆ ಮತ್ತು ಅಂಚುಗಳನ್ನು ಉಬ್ಬಾಗಿ ಕಾಣಿಸುವುದಕ್ಕೆ ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಸುವರು.

ಈ ಪದ್ಧತಿಯಲ್ಲಿ ಗೃಹಸ್ಥರು ಕಲಿಯಬೇಕಾದ ಅಂಶಗಳು ಎರಡು. ನಾರು ಮುದ್ದೆಯನ್ನು ಹಿಡಿದಿಡುವುದು. ಕಲ್ಲಿನ ತರಿಯು ಅದರ ಕುಗ್ಗುವಿಕೆಯನ್ನು ತಡೆಯುವುದು. ನಾರು, ತರಿ, ಅಂಟು ಈ ಮೂರೂ ಸೇರಿದಲ್ಲಿ ಲೇಪವು ನಿಲ್ಲುವುದು. ಇವುಗಳಲ್ಲಿ ಒಂದು ತಪ್ಪಿದರೂ ಬಿರಿಯುವುದು ಅಥವಾ ಉದುರುವುದು. ಕುಶಲಿಯ ಕೈಯ ನಯವು ಎಲ್ಲರಿಗೂ ಬಾರದಿದ್ದರೂ ಈ ಮೂರರ ಹೊಂದಿಕೆಯನ್ನು ಯಾರಾದರೂ ಕಲಿಯಬಹುದು.

ಮೂರು ಬಗೆಯ ಲೇಪಗಳು

ಮೊದಲನೆಯದು ಮಣ್ಣಿನ ಲೇಪ. ಸಾಣಿಗೆಯಲ್ಲಿ ಹಿಡಿದ ಮಸಾರಿ ಮಣ್ಣು ೨ ಪಾಲು, ನವಿರಾದ ಮರಳು ೨ ಪಾಲು, ಹಸಿಯ ಸಗಣಿ ೧ ಪಾಲು, ಜೋಳದ ಹೊಟ್ಟು ಅಥವಾ ಬೆರಳಗಲಕ್ಕೆ ಕತ್ತರಿಸಿದ ಬಾಳೆನಾರು ಅರ್ಧ ಪಾಲು ಇವನ್ನು ನೀರಿನಲ್ಲಿ ಕಲಸಿ ಎರಡು ದಿನ ಕಳಿಯಿಸಿ, ಬಳಸುವ ಮೊದಲು ಹುಣಿಸೆಯಂಟನ್ನು ಸೇರಿಸಿ ರೊಟ್ಟಿಯ ಹಿಟ್ಟಿನ ಹದಕ್ಕೆ ತರಬೇಕು. ಇದು ಮರದ ಎತ್ತು, ಮಂಟಪ, ಮಣ್ಣಿನ ಗಡಿಗೆಗಳಿಗೆ ಹೊಂದುವುದು.

ಎರಡನೆಯದು ಕಾಗದದ ಲೇಪ. ಹಳೆಯ ಕಾಗದವನ್ನು ಚೂರು ಮಾಡಿ ಎರಡು ದಿನ ನೆನೆಸಿ ಒರಳಿನಲ್ಲಿ ಕುಟ್ಟಿ, ನೀರು ಹಿಂಡಿದ ಮುದ್ದೆ ೪ ಪಾಲಿಗೆ ರುಬ್ಬಿದ ಮೆಂತ್ಯ ೧ ಪಾಲು ಸೇರಿಸಬೇಕು. ಸಂದು ಬಿಟ್ಟ ಮೊರ, ಬುಟ್ಟಿಗಳಿಗೆ ಇದನ್ನು ಮೆತ್ತಿ ಬಾಳಿಕೆ ಹೆಚ್ಚಿಸುವುದು ನಮ್ಮ ಅಜ್ಜಿಯರ ಕಾಲದಿಂದಲೂ ಬಂದ ರೂಢಿ. ತರಿ ಬೇಕಾದಲ್ಲಿ ಗರಗಸದ ಹೊಟ್ಟನ್ನು ೧ ಪಾಲು ಬೆರೆಸಬಹುದು. ಇದು ಬುಟ್ಟಿ, ಸೋರೆಬುರುಡೆ, ರಟ್ಟು, ಹಗುರವಾದ ಗೊಂಬೆಗಳಿಗೆ ತಕ್ಕುದು. ಮುದ್ರಿತ ಕಾಗದದಲ್ಲಿ ಶಾಯಿಯಿರುವ ಕಾರಣ ಇದನ್ನು ಮೆತ್ತಿದ ಚರಗದ ಬುಟ್ಟಿಯಲ್ಲಿ ಅಡುಗೆಯನ್ನು ನೇರವಾಗಿ ಇಡದೆ, ಬಾಳೆಯೆಲೆಯನ್ನೋ ಬಟ್ಟೆಯನ್ನೋ ಹಾಸಿ ಇಡಬೇಕು. ಇಲಿ, ಜಿರಲೆಗಳು ಮೆಂತ್ಯದ ಅಂಟಿಗೆ ಬರುವುದುಂಟು. ಕಲಸುವ ನೀರಿಗೆ ಬದಲಾಗಿ ಬೇವಿನೆಲೆಯ ಕಷಾಯವನ್ನು ಉಪಯೋಗಿಸಿದರೆ ಅವುಗಳ ಕಾಟವು ತಗ್ಗುವುದು. ಮೈಲುತುತ್ತ ಮೊದಲಾದ ವಿಷಗಳನ್ನು ಮಕ್ಕಳು ಮುಟ್ಟುವ ವಸ್ತುಗಳಿಗೆ ಬೆರೆಸಲೇಬಾರದು.

ಮೂರನೆಯದು ಸುಣ್ಣದ ಲೇಪ. ಅರಳಿಸಿ ನೀರಿನಡಿಯಲ್ಲಿ ಹಳಸಿದ ಸುಣ್ಣದ ಮುದ್ದೆ ೧ ಪಾಲು, ತೊಳೆದ ನವಿರಾದ ಮರಳು ಎರಡೂವರೆಯಿಂದ ೩ ಪಾಲು, ಚಿಕ್ಕದಾಗಿ ಕತ್ತರಿಸಿದ ನಾರು ಒಂದು ಹಿಡಿ ಸಾಕು. ಇದು ಬಣ್ಣವಿಲ್ಲದ ಸುಟ್ಟ ಮಣ್ಣಿನ ಗಡಿಗೆ, ಕುಂಡಗಳಿಗೆ ಕಲ್ಲಿನ ಮೈಯನ್ನು ಕೊಡುವುದು. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿ ಮತ್ತೆ ಸುಣ್ಣಕಲ್ಲೇ ಆಗುವುದು. ಈ ಕ್ರಿಯೆಗೆ ತೇವವೂ ಕಾಲವೂ ಬೇಕು. ಬೇಗನೆ ಒಣಗಿದ ಸುಣ್ಣವು ಪುಡಿಯಾಗಿಯೇ ಉಳಿಯುವುದು.

ಸುಟ್ಟ ಸುಣ್ಣಕಲ್ಲನ್ನು ಮನೆಯಲ್ಲಿ ಅರಳಿಸುವುದು ಅಪಾಯಕರ. ನೀರು ಬಿದ್ದೊಡನೆ ಅದು ಕುದಿದು ಸಿಡಿಯುವುದು. ಅರಳಿದ ಸುಣ್ಣವನ್ನೇ ಕೊಂಡು ತರುವುದು ಮೇಲು. ಅದೂ ಕೂಡ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತುವೇ ಆದುದರಿಂದ ಕೈಚೀಲವನ್ನೂ ಕನ್ನಡಕವನ್ನೂ ಧರಿಸಿ ಕೆಲಸ ಮಾಡಬೇಕು. ಮಕ್ಕಳ ಕೈಗೆ ಕೊಡಕೂಡದು. ಕಣ್ಣಿಗೆ ಬಿದ್ದರೆ ತಡಮಾಡದೆ ಶುದ್ಧ ನೀರಿನಿಂದ ೨೦ ನಿಮಿಷಗಳವರೆಗೆ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಬೇಕು.

ಹಚ್ಚುವ ಕ್ರಮ

ಹೊಳಪಿನ ಬಣ್ಣದ ಮೇಲೆ ಯಾವ ಲೇಪವೂ ನೇರವಾಗಿ ಹಿಡಿಯುವುದಿಲ್ಲ. ಕೆರೆಯದೆ ಹಿಡಿತ ಉಂಟುಮಾಡಲು ಬಟ್ಟೆಯೇ ಉಪಾಯ. ಹಳೆಯ ಹತ್ತಿಯ ಸೀರೆ ಅಥವಾ ಧೋತರದ ಎರಡು ಬೆರಳಗಲದ ಪಟ್ಟಿಗಳನ್ನು ಹುಣಿಸೆಯಂಟಿನಲ್ಲಿ ಅದ್ದಿ, ವಸ್ತುವಿನ ಮೈಗೆ ಒಂದರ ಅಂಚಿನ ಮೇಲೊಂದು ಬರುವಂತೆ ಸುತ್ತಿ, ಗಾಳಿಯ ಗುಳ್ಳೆಯುಳಿಯದಂತೆ ಒತ್ತಬೇಕು. ಒಂದು ದಿನ ಒಣಗಿದ ಮೇಲೆ ಇದು ಗಟ್ಟಿಯಾದ ಚರ್ಮದಂತಾಗಿ, ಹಳೆಯ ಬಣ್ಣವು ಒಳಗೆ ಸೆರೆಯಾಗುವುದು. ಬಟ್ಟೆಯ ನೇಯ್ಗೆಯು ಲೇಪಕ್ಕೆ ಆಧಾರವಾಗುವುದು.

ಸುಡದ ಮಣ್ಣಿನ ಎತ್ತುಗಳಿಗೆ ಬೇರೆ ಕ್ರಮ. ಅವು ನೀರಿಗೆ ಕರಗುವುದರಿಂದ ಮೊದಲು ೫೦ ಗ್ರಾಂ ಜಾಲಿಯ ಗೋಂದನ್ನು ಅರ್ಧ ಲೀಟರು ನೀರಿನಲ್ಲಿ ಕರಗಿಸಿ, ಆ ನೀರನ್ನು ಕುಂಚದಿಂದ ತೆಳುವಾಗಿ ಹಚ್ಚಿ ಒಣಗಿಸಿ, ಅನಂತರ ತೆಳುವಾದ ಲೇಪವನ್ನು ಕೊಡಬೇಕು. ಮುರಿದ ಕೊಂಬು, ಕಿವಿಗಳನ್ನು ಬೇವಿನ ಕಡ್ಡಿಯನ್ನು ಒಳಗಿಟ್ಟು ಕಾಗದದ ಮುದ್ದೆಯಿಂದ ತಿದ್ದಬಹುದು. ಬಾಳೆನಾರಿನ ಎಳೆಗಳನ್ನು ಹೆಣೆದರೆ ಬಾಲವೂ ಹಗ್ಗವೂ ಸಿದ್ಧವಾಗುವುವು. ಸುಟ್ಟ ಗಡಿಗೆಗಳಿಗೆ ಸುಣ್ಣದ ಲೇಪ ಕೊಡುವ ಮೊದಲು ಅವನ್ನು ನೀರಿನಲ್ಲಿ ನೆನೆಸಬೇಕು. ಇಲ್ಲದಿದ್ದರೆ ಗಡಿಗೆಯು ಲೇಪದ ನೀರನ್ನೆಲ್ಲ ಒಮ್ಮೆಲೆ ಕುಡಿದುಬಿಡುವುದು.

ಲೇಪವನ್ನು ಒಂದೇ ಸಲ ದಪ್ಪವಾಗಿ ಬಳಿಯಬಾರದು. ೨ರಿಂದ ೩ ಮಿಲಿಮೀಟರು ದಪ್ಪದ ಎರಡು ಕೈ ಕೊಡುವುದು ಸರಿಯಾದ ಪದ್ಧತಿ. ಮೊದಲನೆಯ ಕೈ ಇನ್ನೂ ಹಸಿಯಾಗಿರುವಾಗ ಹಣಿಗೆಯಿಂದ ಗೆರೆ ಎಳೆದರೆ ಎರಡನೆಯದು ಅದರಲ್ಲಿ ಕೂತುಕೊಳ್ಳುವುದು. ಎರಡನೆಯ ಕೈ ಬೆರಳಿಗೆ ಅಂಟದಷ್ಟು ಬಿಗಿದಾಗ ಉಬ್ಬುತಗ್ಗಿನ ಕೆಲಸವನ್ನು ಮಾಡಬೇಕು. ಇದಕ್ಕೆ ಬೇಕಾದ ಆಯುಧಗಳೆಲ್ಲ ಮನೆಯಲ್ಲಿಯೇ ಇರುವುವು. ಗೋಣಿತಟ್ಟನ್ನು ಒತ್ತಿ ತೆಗೆದರೆ ನೇಯ್ಗೆಯ ಗುರುತು; ಕಾಳು ಬಡಿದ ಜೋಳದ ಕಂಕಿಯನ್ನು ಉರುಳಿಸಿದರೆ ಹರಳು ಹರಳಾದ ಮೈ; ಕಸಬರಿಗೆಯ ತುದಿಯಿಂದ ತಟ್ಟಿದರೆ ಒರಟು ಕಲ್ಲಿನ ತೋರಿಕೆ; ತೊಗರಿ ಅಥವಾ ಕುಸುಬೆಯ ಕಾಳನ್ನು ಸಾಲಾಗಿ ಒತ್ತಿ ತೆಗೆದರೆ ಸರದ ಮಣಿಗಳಂಥ ಗುಳಿಗಳು. ಕಾಳನ್ನು ಒಳಗೇ ಬಿಡಬಾರದು. ಹಸಿಗೆ ಮೊಳೆಯುವುದು, ಒಣಗಿದ ಮೇಲೆ ಇಲಿಯನ್ನು ಕರೆಯುವುದು. ಎತ್ತಿನ ಹಣೆಪಟ್ಟಿ, ಗೆಜ್ಜೆಸರ, ಜೂಲದ ಅಂಚುಗಳನ್ನು ಕಿನ್ನಾಳದವರಂತೆ ಕಲ್ಲುಪುಡಿಯ ಅಂಟಿನಿಂದ ಎಳೆದರೆ ಕಾಣಲು ಮನೋಹರವಾಗುವುದು.

ಬಣ್ಣಗಳು

ತರಿಲೇಪಕ್ಕೆ ಮಣ್ಣಿನ ಬಣ್ಣಗಳೇ ಶೋಭೆ. ಕೆಂಪಿಗೆ ಜಾಜು, ಬಿಳುಪಿಗೆ ಸುಣ್ಣ, ಕಪ್ಪಿಗೆ ಅರೆದ ಇದ್ದಿಲು. ಇವು ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದೊಡನೆ ಕೆಡುವುದೂ ಇಲ್ಲ. ಅರಿಶಿನವು ಸುಣ್ಣಕ್ಕೆ ಸೇರಿದರೆ ಕೆಂಪಾಗುವುದೆಂಬುದನ್ನು ಆರತಿಯ ನೀರು ಕಲಸುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಆದಕಾರಣ ಹಳದಿ ಬೇಕಾದಲ್ಲಿ ಅದನ್ನು ಮಣ್ಣಿನ ಅಥವಾ ಕಾಗದದ ಲೇಪದ ಮೇಲೆ ಮಾತ್ರ ಹಚ್ಚಬೇಕು, ಮತ್ತು ಅದು ಬಿಸಿಲಿಗೆ ಬೇಗನೆ ಮಂಕಾಗುವುದೆಂಬುದನ್ನು ನೆನಪಿನಲ್ಲಿಡಬೇಕು. ಸುಣ್ಣದ ನೀರಿಗೆ ಕೆನೆ ತೆಗೆದ ಹಾಲನ್ನು ಸ್ವಲ್ಪ ಬೆರೆಸಿದರೆ ಬಣ್ಣವು ಕೈಗೆ ಹತ್ತುವುದು ಕಡಮೆಯಾಗುವುದು. ಉಬ್ಬಿದ ಭಾಗಗಳ ಮೇಲೆ ಮಾತ್ರ ತಿಳಿಬಣ್ಣವನ್ನು ಒಣ ಬಟ್ಟೆಯಿಂದ ತೇಲಿಸಿ ಒರೆಸಿದರೆ ತಗ್ಗುಗಳು ಗಾಢವಾಗಿ ಉಳಿದು ಕೆತ್ತನೆಯ ಕೆಲಸದಂತೆ ತೋರುವುದು.

ಲೇಪಕ್ಕೆ ತಕ್ಕ ಕಾಲ

ಯಾವ ಲೇಪವನ್ನು ಯಾವ ತಿಂಗಳಿನಲ್ಲಿ ಮಾಡಬೇಕೆಂಬುದೂ ಮುಖ್ಯವೇ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣವು ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕಾಗದದ ಲೇಪವು ಬೂಸು ಹಿಡಿಯದೆ ಒಣಗಲು ಇಂಥ ಒಣಗಾಲವೇ ಯೋಗ್ಯ. ಹಿಂಗಾರಿ ಜೋಳದ ರಾಶಿ ಮುಗಿದು ಕಣದಲ್ಲಿ ಹೊಸ ಹೊಟ್ಟು ಸಿಕ್ಕುವ ಮಾಘ, ಫಾಲ್ಗುಣಗಳಿಂದ ಈ ಕೆಲಸವನ್ನು ತೊಡಗಬಹುದು. ಸುಣ್ಣದ ಲೇಪಕ್ಕೆ ಇದರ ವಿರುದ್ಧವಾದ ಕಾಲ ಬೇಕು. ಮಳೆ ಬಿದ್ದು ಗಾಳಿ ತಂಪಾದ ಮೇಲೆ ಕೊಟ್ಟು, ನೆರಳಿನಲ್ಲಿ ಒದ್ದೆಗೋಣಿಯನ್ನು ಮುಚ್ಚಿ, ಒಂದು ವಾರದವರೆಗೆ ಆಗಾಗ ನೀರು ಚಿಮುಕಿಸುತ್ತಿದ್ದರೆ ಅದು ಬಲಿಯುವುದು.

ಮಣ್ಣೆತ್ತಿನ ಅಮಾವಾಸ್ಯೆಗೂ ಗಣೇಶ ಚತುರ್ಥಿಗೂ ನಡುವೆ ಸುಮಾರು ಎರಡು ತಿಂಗಳ ಅಂತರವಿದ್ದು, ಗಡಿಗೆ, ಕುಂಡಗಳಿಗೆ ಸುಣ್ಣದ ಲೇಪವನ್ನು ಕೊಟ್ಟು ಬಲಿಯಿಸಲು ಈ ಅವಧಿಯು ಸಾಕಷ್ಟಾಗುವುದು. ಮಣ್ಣಿನ ಲೇಪವನ್ನು ಎರಡು ಕಾಲಗಳಲ್ಲಿಯೂ ಮಾಡಬಹುದಾದರೂ ಬಿಸಿಲಿಗಿಡದೆ ನೆರಳಿನಲ್ಲಿಯೇ ಒಣಗಿಸಬೇಕು. ಹಬ್ಬದ ಹಿಂದಿನ ದಿನ ಅವಸರದಿಂದ ಮೆತ್ತಿ, ಒಲೆಯ ಬಳಿಯಲ್ಲಿಟ್ಟು ಒಣಗಿಸಿದ ಲೇಪವು ಹಬ್ಬ ಮುಗಿಯುವುದರೊಳಗೆ ಬಿರಿಯುವುದು ನಿಶ್ಚಯ.

ಉಳಿಯುವ ವಸ್ತು, ನೀರಿಗೆ ಹೋಗುವ ವಸ್ತು

ಅಲಂಕಾರ ವಸ್ತುಗಳಲ್ಲಿ ಮನೆಯಲ್ಲಿ ಉಳಿಯತಕ್ಕವು ಕೆಲವು, ನೀರಿಗೆ ವಿಸರ್ಜಿಸತಕ್ಕವು ಕೆಲವು. ತರಿಲೇಪವು ಉಳಿಯತಕ್ಕ ವಸ್ತುಗಳಿಗೆ ಮಾತ್ರ. ಹಳೆಯ ಎಣ್ಣೆಬಣ್ಣವನ್ನು ಒಳಗೆ ಸೆರೆಹಿಡಿದ ವಸ್ತುವನ್ನು ಕೆರೆಬಾವಿಗಳಿಗೆ ಎಂದಿಗೂ ಬಿಡಕೂಡದು. ಅದರ ತಳದಲ್ಲಿ ‘ಒಳಗೆ ಹಳೆಯ ಬಣ್ಣವಿದೆ’ ಎಂದು ಬರೆದಿಟ್ಟರೆ ಮುಂದಿನವರು ತಿಳಿಯದೆ ಕೆರೆಯುವುದು ತಪ್ಪುವುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಗೊಂಬೆಗಳಿಗೂ ಇದೇ ಮಾತು ಸಲ್ಲುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರ ಮೇ ತಿಂಗಳಿನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ವಿಸರ್ಜನೆಯ ಮೂರ್ತಿಗಳನ್ನು ಸಹಜವಾದ ಜೇಡಿಮಣ್ಣಿನಿಂದಲೇ ಮಾಡಬೇಕೆಂದು ತಿಳಿಸಿದೆ. ಮನೆಯಲ್ಲಿ ಈಗಾಗಲೇ ಇರುವ ಪ್ಲಾಸ್ಟರ್ ಗೊಂಬೆಗೆ ಬಟ್ಟೆ ಸುತ್ತಿ ಕಾಗದದ ಲೇಪ ಕೊಟ್ಟು ವರ್ಷ ವರ್ಷವೂ ಉಪಯೋಗಿಸುವುದು ಅದನ್ನು ನೀರಿಗೆಸೆಯುವುದಕ್ಕಿಂತ ಉತ್ತಮ.

ಕಾರಹುಣ್ಣಿಮೆಯ ದಿನ ಜೀವಂತ ಎತ್ತುಗಳ ಕೊಂಬಿಗೆ ಹಚ್ಚುವ ಬಣ್ಣದ ವಿಷಯವಾಗಿಯೂ ಒಂದು ಮಾತು ಹೇಳುವುದು ಉಚಿತ. ಎತ್ತುಗಳು ಒಂದನ್ನೊಂದು ನೆಕ್ಕುವುವಾದುದರಿಂದ ಎಣ್ಣೆಬಣ್ಣವನ್ನು ಬಿಟ್ಟು, ಜಾಜನ್ನು ಅಡುಗೆಯ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಸಾಕು. ಹಳೆಯ ಬಣ್ಣವಿರುವ ಕೊಂಬನ್ನು ಗಾಜಿನ ಚೂರಿನಿಂದಲಾಗಲಿ ಚಾಕುವಿನಿಂದಲಾಗಲಿ ಹೆರೆಯುವ ಪದ್ಧತಿಯನ್ನು ನಿಲ್ಲಿಸಬೇಕು.

ಹೀಗೆ ಸಿದ್ಧವಾದ ವಸ್ತುಗಳನ್ನು ಹಬ್ಬ ಮುಗಿದ ಮೇಲೆ ನೀರಿನಿಂದ ತೊಳೆಯದೆ ಒಣ ಕುಂಚದಿಂದ ಧೂಳು ಕೊಡವಿ,ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಬಟ್ಟೆ ಮುಚ್ಚಿಡತಕ್ಕದ್ದು. ಮುಕ್ಕಾದಲ್ಲಿ ಅದೇ ಲೇಪವನ್ನು ಬೆರಳಿನಿಂದ ತುಂಬಿದರೆ ತೇಪೆಯೂ ಕಾಣದು. ತರಿಯ ಮೈಯ ವಿಶೇಷ ಗುಣವೇ ಅದು. ಮೊದಲ ವರ್ಷದಲ್ಲಿ ಮನೆಯ ಎಲ್ಲ ವಸ್ತುಗಳಿಗೂ ಕೈಹಾಕದೆ ಒಂದು ಗಡಿಗೆ ಅಥವಾ ಒಂದು ಜೊತೆ ಎತ್ತುಗಳ ಮೇಲೆ ಪ್ರಯೋಗಿಸಿ, ತಮ್ಮ ಊರಿನ ಮಣ್ಣಿನ ಗುಣವನ್ನರಿತು, ಮರುವರ್ಷ ಮುಂದುವರಿಯುವುದು ಒಳ್ಳೆಯದು. ಇದರಲ್ಲಿ ಉಳಿಯುವ ಹಣವು ಅಲ್ಪವೆನಿಸಬಹುದು. ಹಬ್ಬದ ಸಡಗರದಲ್ಲಿ ಕೂಸಿನ ಕೈಗೂ ಕರುವಿನ ನಾಲಗೆಗೂ ವಿಷವು ತಗಲದಂತೆ ಆಗುವುದೇ ಇದರ ನಿಜವಾದ ಲಾಭವು.